ಬರಾತಿನ ಗುಂಡು ಮತ್ತು ಬಹುಮಾನದ ಸಮಿತಿ

ಅಬಿಡ್ಸ್, ಹೈದರಾಬಾದ್
೧೨-೧-೯೪

ಮಾಮಾ ಅವರಿಗೆ ನಮಸ್ಕಾರ.

ಮದುವೆ ಬರಾತಿನಲ್ಲಿ ತಗಲಿ ನಿಮ್ಮ ಭುಜದೊಳಗೆ ಕೂತಿರುವ ಗುಂಡಿನ ಎಕ್ಸ್‌ರೇ ಜೋಪಾನವಾಗಿದೆ. ಮದುವೆ ಮೆರವಣಿಗೆಗಳಲ್ಲಿ ಗಾಳಿಗೆ ಹಾರಿಸುವ ಗುಂಡು ಜನರಿಗೆ ತಗಲುವುದನ್ನು ತಡೆಯುವುದು ಹೇಗೆಂಬ ನನ್ನ ಸಂಶೋಧನೆಗೆ ಧನಸಹಾಯ ಕೇಳಲು ಇಂದು ಸಮಿತಿಯ ಮುಂದೆ ನಿಂತೆ. ಹೊರಗೆ ಸದಸ್ಯರ ಅಂಗರಕ್ಷಕರು ಬಂದೂಕುಗಳನ್ನು ಫ್ಯಾನಿನ ಕೆಳಗೆ ಸೋಫಾದ ಮೇಲೆ ಮಲಗಿಸಿದ್ದರು. ಅರ್ಜಿ ಹಾಕಿದ ನಮಗೆ ಗೋಡೆಯೇ ಗತಿ.

ಅಧ್ಯಕ್ಷರು ನಮ್ಮ ಭಾಲ್ಕಿ ಕಡೆಯ ಗುತ್ತಿಗೆದಾರ ಮಾಣಿಕಪ್ಪನವರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, "ಇವರಿಗೆ ಯಾರೂ ಗುರಿ ಇಟ್ಟು ಹೊಡದಿಲ್ಲಲ್ರಿ? ಖುಷಿಗೆ ಹಾರಿಸಿದ್ದು ಹಿಂಸಾ ಹ್ಯಾಂಗ ಆಗ್ತದ?" ಎಂದರು. ಗುಂಡು ಖುಷಿಯಿಂದಲೇ ಒಳಗೆ ಹೋಯಿತೇ ಎಂದು ನಿಮ್ಮನ್ನು ಕೇಳಿಕೊಂಡು ಬರಬೇಕಿತ್ತು. ಧನಸಹಾಯ ಇಲ್ಲವೆಂದಾಯಿತು. ಇದೇ ಸಮಿತಿ ಸಂಶೋಧನೆಗೆ ಕೊಡುವ ಈ ವರ್ಷದ ಬಹುಮಾನ, ಬಂದೂಕಿನ ಸದ್ದಿಗೆ ಪಾರಿವಾಳಗಳು ಎಷ್ಟು ಬೆದರುತ್ತವೆ ಎಂದು ಅಧ್ಯಯನ ಮಾಡಿದವರಿಗೆ ಹೋಯಿತು.

ನನಗೆ ಸ್ವಲ್ಪ ನೆಗಡಿ, ಮತ್ತೇನಿಲ್ಲ. ನೀವು ಭುಜಕ್ಕೆ ಶಾಖ ಕೊಡುವುದನ್ನು ಬಿಡಬೇಡಿ.

ಕಾರ್ಡಿನಲ್ಲಿ ಇನ್ನಿಷ್ಟೇ ಜಾಗ. ನೀವು ಕ್ಲಾರಿಯೊನೆಟ್ ನುಡಿಸುವವರೆಂದು ತಿಳಿದದ್ದೇ ತಡ, ಮಾಣಿಕಪ್ಪನವರ ಮುಖ ಅರಳಿತು. "ಮುಂದಿನ ತಿಂಗಳು ನಮ್ಮ ಹುಡುಗನ ಬರಾತ್ ಅದ. ಮಾಮಾಗ ಕಳಸ್ರಿ, ಕೇಳಿದಷ್ಟು ರೊಕ್ಕ ಕೊಡ್ತೀನಿ" ಎಂದರು. ಆ ಗುಂಡು ಬಿದ್ದಾಗಿನಿಂದ ನಿಮ್ಮ ಎಡಗೈ ಮೇಲೇಳುವುದಿಲ್ಲ, ನುಡಿಸುವುದೇ ನಿಂತಿದೆ ಎಂದೆ. ಆಗ ಮಾತ್ರ ಅವರು ನಿಜವಾಗಿಯೂ ಮರುಗಿದರು, ಮಾಮಾ.

"ಅಯ್ಯೋ! ಈಗ ಛಲೋ ಬಾಜಾದವರು ಸಿಗೋದೇ ಭಾಳ ಕಷ್ಟ ಆಗ್ಯದ್ರಿ."

ನಿಮ್ಮ ಅಕ್ಕನ ಮಗಳು
ಶಿವಲೀಲಾ