ಮೆಟ್ಟಿಲವರೆಗೆ ಬಂದ ವಾಸನೆ

ಅಕ್ಕಾ,

ಈ ಪತ್ರದ ಜೊತೆ ನನ್ನ ಮಗಳನ್ನು ಕೆಳಮನೆಯ ದರ್ಜಿಯ ಹೆಂಡತಿ ಕರೆತರುತ್ತಾರೆ. ಅವಳಿಗೆ ನೆಗಡಿ, ಎರಡು ದಿನ ತಲೆಗೆ ನೀರು ಹಾಕಬೇಡ.

ಗಂಡನ ಮನೆ ಬಿಟ್ಟು ಬಂದಮೇಲೆ ನಿನ್ನೆ ಸಂಜೆ ಮೊದಲ ಸಲ ಕೋಳಿ ಸೂಪ್ ಮಾಡಿದೆ; ಕ್ಯಾರೆಟ್, ಬೀನ್ಸ್ ಹಾಕಿ, ಕಾಳುಮೆಣಸು ಜಜ್ಜಿ. ಚಳಿಗೆ ಎರಡು ಬಟ್ಟಲು ಕುಡಿದಳು.

ಬೆಳಿಗ್ಗೆ ದರ್ಜಿ ಹೇಳಿದರು: "ನಿನ್ನೆ ಯಾರೋ ಬೀದೀಲಿ ನಿಮ್ಮನ್ನ ವಿಚಾರಿಸ್ತಿದ್ರಮ್ಮ. ಮೆಟ್ಟಿಲ ಹತ್ರ ನಿಂತು, 'ಈ ಸೂಪು ನನ್ ಹೆಂಡ್ತಿ ಕೈದೇ' ಅಂದ್ರು. ನಗ್ತಾನೇ ಮಾತಾಡಿದ್ರು."

ನನ್ನ ಕೈ ಮುರಿದ ದಿನವೂ ಅವರು ನಗುತ್ತಲೇ ಇದ್ದರು.

ಈಗ ಎದುರಂಗಡಿಯ ಜಗಲಿಯಲ್ಲಿ ಕೂತಿದ್ದಾರೆ. ಮಗಳನ್ನು ಹಿತ್ತಲ ಬಾಗಿಲಿಂದ ಕಳಿಸುತ್ತಿದ್ದೇನೆ. ಇಬ್ಬರೂ ಒಳಗೇ ಇದ್ದೇವೆಂದು ಅವರು ನಂಬಲಿ ಅಂತ ಮತ್ತೆ ಸೂಪ್ ಒಲೆಗಿಟ್ಟು ಕಿಟಕಿ ತೆರೆದಿದ್ದೇನೆ.

ಅಮ್ಮ ಎಲ್ಲಿ ಎಂದು ಕೇಳಿದರೆ, ಬರುತ್ತಾಳೆ ಅನ್ನು.

ನಿನ್ನ ತಂಗಿ