ಬರೆಯದ ಆರು ವರ್ಷ

೨೨ ಜೂನ್ ೨೦೨೫, ಭಾನುವಾರ

ಮಾನ ಹೋಯಿತು. ಹುಣಸೆ ಹೂ ಹೆಚ್ಚಾದ ವರ್ಷ ಕಡಲೆಕಾಯಿಯೂ ಹೆಚ್ಚು ಎಂದು ನಾನು ಹೇಳಿದರೆ ಐ.ಡಿ.ಹಳ್ಳಿಯವರು ಬಿತ್ತನೆಗೆ ಇಳಿಯುತ್ತಿದ್ದರು. ಇಪ್ಪತ್ತು ವರ್ಷದಿಂದ ಹೂವು, ಇಳುವರಿ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ಮೊಮ್ಮಗಳು ಸ್ಪಂದನಾ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟಿಗೆಂದು ಅದನ್ನು ಒಯ್ದಳು. ಹೋದ ವಾರ, "ತಾತ, ಸಹಸಂಬಂಧ ಸೊನ್ನೆ ಪಾಯಿಂಟ್ ಒಂಬತ್ತು! ಒಂದು ಬಂದ್ರೆ ಎರಡೂ ಪೂರ್ತಿ ಜೊತೆ, ಸೊನ್ನೆ ಬಂದ್ರೆ ಸಂಬಂಧಾನೇ ಇಲ್ಲ" ಎಂದಳು. ನಾನು ಊರಿಗೆಲ್ಲ ಸಾರಿದೆ.

ಇವತ್ತು ಡೇರಿ ಮುಂದೆ, ಎಲ್ಲರೆದುರೇ, "ಈಗ ಸೊನ್ನೆ ಪಾಯಿಂಟ್ ಒಂದು ಕಣ್ ತಾತ. ಆರು ವರ್ಷ ನೀನು ಬರೀದೆ ಬಿಟ್ಬುಟ್ಟಿದ್ದೆ, ಅಜ್ಜಿ ನೆನೆಸ್ಕಂಡು ಹೇಳುದ್ಲು, ಅವನ್ನೂ ಸೇರಿಸ್ದೆ" ಎಂದುಬಿಟ್ಟಳು. ಕಡಲೆಕಾಯಿ ವ್ಯಾಪಾರಿ ಕಲಂದರ್ ನಕ್ಕ: "ಏನ್ ಸಂಜೀವಯ್ಯನೋರೆ, ಹೂವೂ ಕೈ ಕೊಡ್ತಾ?"

ಮನೆಗೆ ಬಂದು ಹೆಂಡತಿ ಸರಸಮ್ಮನನ್ನು ಬೈದೆ.

"ಹೂವಿದ್ದೂ ಕಾಯಿ ಜೊಳ್ಳಾದ ವರ್ಷ ನೀನು ಬುಕ್ಕನ್ನ ಅಟ್ಟಕ್ಕೆ ಎಸೀತಿದ್ದೆ. ಎತ್ತಿಟ್ಟೋಳು ನಾನು" ಎಂದಳು.

ನಲವತ್ತೈದು ವರ್ಷ ಜೊತೆಗಿದ್ದು, ಆ ಆರನ್ನೇ ನೆನಪಿಟ್ಟುಕೊಂಡಿದ್ದಾಳೆ! ನಾನು ಮೋಸ ಮಾಡಿಲ್ಲ. ಸಿಟ್ಟಿಗೆ ಬರೆಯಲಿಲ್ಲ, ಅಷ್ಟೇ. ಬಿತ್ತಲೋ ಬೇಡವೋ ಎಂದು ಕೇಳಲು ನಾಳೆ ಯಾರೂ ಬರುವುದಿಲ್ಲ.

ಹಿತ್ತಲ ಹುಣಸೆ ಈ ಸಲ ಮೈತುಂಬ ಹೂ ಬಿಟ್ಟಿದೆ. ಬರೆದಿಟ್ಟರೆ, ಕೊಯ್ಲಿನ ದಿನ ಏನಾದರೂ ಸರಿ ಅದರ ಪಕ್ಕಕ್ಕೆ ಇಳುವರಿಯನ್ನೂ ಬರೆಯಲೇಬೇಕು.