ಬೂದನಿಗೆ ಯಾವ ಭಾಷೆ ಬರುತ್ತದೆ

ಶ್ರೀ ಗುರುಬಸವಲಿಂಗಾಯ ನಮಃ

ಅಜ್ಜಂಪುರ,
ಪ್ರಮಾದೀಚ ಸಂವತ್ಸರದ ಮಾಘ ಶುದ್ಧ ದಶಮಿ, ಗುರುವಾರ.
ಇಂಗ್ಲಿಷ್ ತಾರೀಖು ೫ನೇ ಫೆಬ್ರವರಿ ೧೯೧೪.

ಮನೆಯ ಯಜಮಾನರ ಪಾದಗಳಿಗೆ ನಿಮ್ಮ ಹೆಂಡತಿ ಮಲ್ಲಿಕಾಂಬ ಮಾಡುವ ಶರಣು ಶರಣಾರ್ಥಿ.

ಇಲ್ಲಿ ನಾವು ಕ್ಷೇಮ. ಬೊಂಬಾಯಿಯಲ್ಲಿ ನಿಮ್ಮ ಆರೋಗ್ಯ ಈಗ ಹೇಗಿದೆ? ನೀರು ಒಗ್ಗದೆ ಹೊಟ್ಟೆ ಕೆಟ್ಟಿದೆಯೆಂದೂ, ಸಮುದ್ರದ ಗಾಳಿಗೆ ಕೆಮ್ಮು ಹತ್ತಿದೆಯೆಂದೂ, ಚಾವಡಿಯಲ್ಲಿ ತಿಗಣೆಯ ಕಾಟದಿಂದ ನಿದ್ದೆಯಿಲ್ಲವೆಂದೂ ಬರೆದಿದ್ದೀರಿ. ಕೇಳಿ ಅತ್ತೆಯವರಿಗೆ ಆ ದಿನ ಅನ್ನ ಸೇರಲಿಲ್ಲ. ನನಗೆ ಸೇರಿತು. ಹೊಟ್ಟೆಗೆ ಮೆಂತ್ಯವನ್ನು ಮಜ್ಜಿಗೆಯಲ್ಲಿ ನೆನೆಹಾಕಿ ತೆಗೆದುಕೊಳ್ಳಿ. ಅಲ್ಲಿ ಯಾರು ನೆನೆಹಾಕಿ ಕೊಡುತ್ತಾರೆ ಎಂದು ಕೇಳಬೇಡಿ, ಕೈ ಕಾಲು ನಿಮಗೂ ಶಿವ ಕೊಟ್ಟಿದ್ದಾನೆ. ಅತ್ತೆಯವರು ಪಕ್ಕದಲ್ಲೇ ಕೂತು ಹತ್ತಿ ಬಿಡಿಸುತ್ತಿದ್ದಾರೆ. ಏನು ಬರೆದೆ ಎಂದು ಆಗಾಗ ಕೇಳುತ್ತಾರೆ, ನಾನು ಓದಿ ಹೇಳುತ್ತೇನೆ. ಬರೆದದ್ದೇ ಬೇರೆ, ಓದಿದ್ದೇ ಬೇರೆ. ತರೀಕೆರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕು ಕ್ಲಾಸು ಕಲಿತದ್ದು ಯಾವ ಉಪಯೋಗಕ್ಕೆ ಎಂದು ಜಗುಲಿಯ ಮೇಲೆ ಹತ್ತು ಜನರ ಮುಂದೆ ನಗುತ್ತಿದ್ದಿರಲ್ಲ, ಈ ಉಪಯೋಗಕ್ಕೆ.

ಊರಿನ ಸಮಾಚಾರ ಹೇಳುವುದಾದರೆ ಮೊದಲು ತರೀಕೆರೆಯದೇ ಹೇಳಬೇಕು. ನೀವು ಎರಡನೆಯ ಸಂಬಂಧಕ್ಕೆಂದು ನೋಡಿಟ್ಟಿದ್ದ ಆ ಹುಡುಗಿ, ವಿಮಲಮ್ಮನ ಮಗಳು, ಹೋದ ಸೋಮವಾರ ಮದುವೆಯಾದಳು. ಕಡೂರಿನ ತೆಂಗಿನಕಾಯಿ ಮಂಡಿಯವರ ಹುಡುಗ. ಸಮುದ್ರ ದಾಟುವವನನ್ನು ಕಾಯುತ್ತಾ ಹೆಣ್ಣನ್ನು ಮನೆಯಲ್ಲಿ ಕೂರಿಸಿಕೊಳ್ಳುವುದಕ್ಕೆ ಅವಳೇನು ಉಪ್ಪಿನಕಾಯಿಯೇ ಎಂದು ವಿಮಲಮ್ಮನೇ ಎಲ್ಲರೆದುರು ಅಂದಳು. ನಮಗೂ ಕರೆ ಬಂದಿತ್ತು. ಅತ್ತೆಯವರು ಮಾನ ಹೋಯಿತೆಂದು ಹೋಗಲಿಲ್ಲ. ನಾನು ಮದುವೆಯ ಸೀರೆಯನ್ನೇ ಉಟ್ಟು ಹೋದೆ. ಅಕ್ಕಿಕಾಳು ಹಾಕಿದೆ, ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡು ತಿಂದೆ. ಹುಡುಗಿ ಲಕ್ಷಣವಾಗಿದ್ದಾಳೆ. ನಿಮ್ಮ ಕಣ್ಣು ಕೆಟ್ಟದ್ದೇನಲ್ಲ, ಉಳಿದದ್ದು ಮಾತ್ರ ಕೆಟ್ಟದ್ದು.

ನೀವು ಅವಳನ್ನು ಮದುವೆಯಾಗುವ ಖರ್ಚಿಗೆಂದು ತಾನೇ ಬೂದನನ್ನು ಮಾರಿದ್ದು. ನಾನು ಚೌಳಹಿರಿಯೂರಿಗೆ ತಂಗಿಯ ಬಾಣಂತನಕ್ಕೆ ಹೋದದ್ದೇ ಸಮಯವೆಂದು ಬೀರೂರಿನ ದನದ ವ್ಯಾಪಾರಿ ಜಯದೇವಪ್ಪನವರನ್ನು ಕರೆಸಿ ಹೋರಿಯನ್ನು ಕೊಟ್ಟುಬಿಟ್ಟಿರಿ. ಬೂದ ನಿಮ್ಮ ಹೋರಿಯಾಗಿರಲಿಲ್ಲ. ನನ್ನ ಅಪ್ಪ ನನಗೆ ಬಳುವಳಿಯಾಗಿ ಕೊಟ್ಟ ಕರು. ಅಮೃತಮಹಲ್ ತಳಿಯ ತಾಯಿ, ಈದ ಮೂರನೆಯ ದಿನ ಸತ್ತಿತ್ತು. ನಾನು ಈ ಮನೆಯ ಹೊಸ್ತಿಲು ತುಳಿದ ದಿನ ಅದೂ ತುಳಿಯಿತು, ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಸಾಕಿದೆ. ಏಳು ವರ್ಷ ಅದು ನನ್ನ ಹೊರತು ಬೇರೆಯವರ ಕೈಯಿಂದ ಹುಲ್ಲು ಕಿತ್ತುಕೊಳ್ಳಲಿಲ್ಲ, ನಿಮ್ಮನ್ನಂತೂ ಗೂಟದ ಹತ್ತಿರ ಸೇರಿಸಲಿಲ್ಲ. ಮಾರಿದ ದಿನವೂ ಹಗ್ಗ ಹಿಡಿದ ಇಬ್ಬರನ್ನು ಎತ್ತಿ ಒಗೆಯಿತಂತೆ. ಆಗ ನೀವು ಒಳಗೆ ಬಂದು ಗಳದ ಮೇಲಿದ್ದ ನನ್ನ ಉಟ್ಟು ಬಿಟ್ಟ ಸೀರೆಯನ್ನು ಎಳೆದುಕೊಂಡು ಹೋಗಿ ಅದರ ಮುಖಕ್ಕೆ ಕಟ್ಟಿದಿರಂತೆ. ಆ ವಾಸನೆಗೆ ನಾನೇ ಕರೆದೊಯ್ಯುತ್ತಿದ್ದೇನೆಂದು ತಿಳಿದು ಬಡಪಾಯಿ ಕುರಿಯ ಹಾಗೆ ಸ್ಟೇಷನ್ನಿಗೆ ನಡೆದು ವ್ಯಾಗನ್ನು ಹತ್ತಿತಂತೆ. ಇದನ್ನೆಲ್ಲ ಅತ್ತೆಯವರೇ ಹೇಳಿದರು, ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹೋರಿ ದಾರಿಯಲ್ಲಿ ರಂಪ ಮಾಡಿದರೆ ಹಿಡಿಯಲು ನೀವೂ ಬೊಂಬಾಯಿಯವರೆಗೆ ಬರಲೇಬೇಕೆಂದು ಜಯದೇವಪ್ಪನವರು ಹಟ ಮಾಡಿದ್ದರಿಂದ ನೀವೂ ಅದೇ ರೈಲಿನಲ್ಲಿ ಹೋದಿರಿ. ಬಾವಿ ತೋಡಿದವನೇ ಮೊದಲು ಬಿದ್ದ ಎನ್ನುವ ಹಾಗಾಯಿತು.

ಈಗ ನಿಮ್ಮ ಕಾಗದಕ್ಕೆ ಉತ್ತರ. ಬ್ರೆಜಿಲ್ ಎಂಬ ದೇಶದಿಂದ ದನ ಕೊಳ್ಳಲು ಬಂದ ಬಿಳಿಯ ದೊರೆ ಒಬ್ಬ, ಇಟಲಿಯ ದೊರೆ ಒಬ್ಬ, ಇಬ್ಬರೂ ನಮ್ಮ ಸೀಮೆಯ ಹೋರಿಗಳನ್ನು ಕೊಂಡಿದ್ದಾರೆ. ಬೂದನನ್ನು ಸಾಕಿದವನು ನಾನೇ ಎಂದು ನೀವು ಹೇಳಿಕೊಂಡದ್ದರಿಂದ ಹೋರಿಗಳ ಜೊತೆಗೆ ನೀವೂ ಬನ್ನಿ ಎಂದು ಇಬ್ಬರೂ ಕರೆಯುತ್ತಿದ್ದಾರೆ. ನೀವು ಯಾರ ಹಡಗು ಹತ್ತುತ್ತೀರೋ ಬೂದನೂ ಅವರಿಗೇ ಎಂದು ಜಯದೇವಪ್ಪನವರು ಮಾತು ಕೊಟ್ಟಿದ್ದಾರೆ. ಬ್ರೆಜಿಲ್ಲಿನವನ ಜೊತೆ ಹೋದರೆ ಪೋರ್ಚುಗೀಸು ಕಲಿಯಬೇಕು, ಇಟಲಿಯವನ ಜೊತೆ ಹೋದರೆ ಇಟಾಲಿಯನ್ನು ಕಲಿಯಬೇಕು. ಪಾಠ ಹೇಳಲು ಎರಡಕ್ಕೂ ಜನ ಇದ್ದಾರೆ, ಯಾವುದನ್ನು ಕಲಿಯಲಿ, ನೀನು ಓದಿದವಳು, ಹೇಳು ಎಂದು ಬರೆದಿದ್ದೀರಿ. ನನ್ನನ್ನು ಓದಿದವಳು ಎಂದು ನೀವು ಕರೆದದ್ದು ಇದೇ ಮೊದಲು. ಆ ಸಾಲನ್ನು ಎರಡು ಸಲ ಓದಿಕೊಂಡೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಸ್ಟೇಷನ್ನಿನಲ್ಲಿ ತಂತಿ ಹೊಡೆಯುವ ರಂಗಯ್ಯನವರು ಮೊದಲು ಮರ್ಮಗೋವೆಯ ಕಡೆ ಕೆಲಸದಲ್ಲಿದ್ದವರು, ಅವರಿಗೆ ನಾಲ್ಕು ಮಾತು ಪೋರ್ಚುಗೀಸು ಬರುತ್ತದೆ. ಅವರು ಹೇಳುವ ಪ್ರಕಾರ ನಾವು ಮೇಜು ಅನ್ನುತ್ತೇವಲ್ಲ, ಅದು ಅವರದೇ ಮಾತಂತೆ. ಚಾವಿ ಅವರದು, ಇಸ್ತ್ರಿ ಅವರದು, ಪಗಾರವೂ ಅವರದೇ ಅಂತೆ. ಹೀಗಾಗಿ ನಿಮಗೆ ಪೋರ್ಚುಗೀಸು ಹುಟ್ಟಿದಾಗಿನಿಂದ ಅರ್ಧ ಬರುತ್ತದೆ. ಪೆಟ್ಟಿಗೆಯ ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ನಾನು ಒಂದು ಕುಪ್ಪಸದ ಬಟ್ಟೆ ಕೇಳಿದರೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಿರಲ್ಲ, ಆಗೆಲ್ಲ ನೀವು ಪೋರ್ಚುಗೀಸಿನವರೇ ಆಗಿದ್ದಿರಿ. ಇಟಾಲಿಯನ್ನಿನ ವಿಷಯ ರಂಗಯ್ಯನವರಿಗೂ ಗೊತ್ತಿಲ್ಲ. ಎಲ್ಲ ಮಾತಿನ ಕೊನೆಗೂ ರಾಗ ಎಳೆಯುತ್ತಾರೆ ಎಂದು ಮಾತ್ರ ಕೇಳಿದ್ದಾರಂತೆ. ಹಾಗಿದ್ದರೆ ಅದೂ ಕಷ್ಟವಾಗಲಾರದು, ಸಾರಿಗೆ ಉಪ್ಪು ಕಡಿಮೆಯಾದ ದಿನ ನಿಮ್ಮ ರಾಗವನ್ನು ಈ ಓಣಿಯೆಲ್ಲ ಕೇಳಿದೆ. ನಿಜ ಹೇಳಬೇಕೆಂದರೆ ಎರಡರಲ್ಲಿ ಯಾವುದಾದರೂ ನಿಮಗೆ ಹೊರೆಯಲ್ಲ. ನೀವು ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದು 'ಏ', 'ನೀರು', 'ಬಡಿಸು' ಎಂಬ ಮೂರು ಮಾತಿನಲ್ಲಿ. ಇಷ್ಟನ್ನು ಯಾವ ಭಾಷೆಯಲ್ಲಾದರೂ ಒಂದು ಬೆಳಿಗ್ಗೆ ಕಲಿಯಬಹುದು.

ಇನ್ನೊಂದು ಮಾತು ಇದೆ, ಅದನ್ನೂ ಎರಡು ಭಾಷೆಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಹೋದ ಕಾರ್ತಿಕದಲ್ಲಿ ಆ ಇಬ್ಬರು ದೊರೆಗಳು ದನ ನೋಡಲು ನಮ್ಮ ಮನೆಗೆ ಬಂದಿದ್ದರಲ್ಲ. ನಾನು ಮಜ್ಜಿಗೆಯ ಚೊಂಬು ತಂದಿಟ್ಟೆ. ನಿಮ್ಮ ಮನೆಯಾಕೆಯೇ, ಮಕ್ಕಳೆಷ್ಟು ಎಂದು ಅವರಲ್ಲೊಬ್ಬ ದುಭಾಷಿಯ ಮೂಲಕ ಕೇಳಿದ. ನೀವು ಹೋರಿಯ ಬೆನ್ನ ಕಡೆ ಕೈ ತೋರಿಸಿ, "ಅದು ಬೀಜದ್ದು ಕಣ್ರೀ, ಇದು ಗೊಡ್ಡು" ಅಂದಿರಿ. ಜಯದೇವಪ್ಪನವರು ತಲೆ ತಗ್ಗಿಸಿದರು. ದುಭಾಷಿ ಮಾತ್ರ ತನ್ನ ಕೆಲಸ ಬಿಡಲಿಲ್ಲ, ಇಂಗ್ಲಿಷಿನಲ್ಲಿ ಹೇಳಿದ. ಅದನ್ನು ಒಬ್ಬ ದೊರೆ ಇನ್ನೊಬ್ಬನಿಗೆ ಮತ್ತೇನೋ ಮಾಡಿ ಹೇಳಿದ, ಆಮೇಲೆ ಎಲ್ಲರೂ ನಕ್ಕಿರಿ. ನನ್ನ ಮೇಲೆ ಬಿದ್ದ ಒಂದು ಮಾತು ಅಷ್ಟು ದೇಶ ಸುತ್ತಿ ಬಂತು. ನಾನು ಒಳಗೆ ಹೋಗಿ ಅಳಲಿಲ್ಲ, ನೇರವಾಗಿ ಕೊಟ್ಟಿಗೆಗೆ ಹೋದೆ. ಹೋರಿ ನನ್ನ ಹೆಗಲ ಮೇಲೆ ಗದ್ದ ಇಟ್ಟುಕೊಂಡು ನಿಂತಿತು. ಗೊಡ್ಡು ಎಂಬುದಕ್ಕೆ ಪೋರ್ಚುಗೀಸಿನಲ್ಲಿ ಏನನ್ನುತ್ತಾರೆ, ಇಟಾಲಿಯನ್ನಿನಲ್ಲಿ ಏನನ್ನುತ್ತಾರೆ, ತಿಳಿದರೆ ಬರೆಯಿರಿ. ನನಗೂ ಭಾಷೆ ಕಲಿಯುವ ಆಸೆ.

ನೀವು ಭಾಷೆ ಕೇಳಿದ್ದರ ಒಳಗೆ ಏನು ಕೇಳಿದ್ದೀರಿ ಎಂಬುದು ನನಗೆ ತಿಳಿಯದೇ ಇಲ್ಲ. ಇಟಲಿಯವರು ಕರೆದೊಯ್ಯುವುದು ತಮ್ಮ ಕೈಕೆಳಗಿನ ಆಫ್ರಿಕದ ಸೀಮೆಗೆ. ಎರಡು ವರ್ಷ ದನ ನೋಡಿಕೊಂಡು ಅದೇ ಹಡಗಿನಲ್ಲಿ ವಾಪಸ್ಸು. ಬ್ರೆಜಿಲ್ಲಿಗೆ ಹೋದವರು ಹಿಂದಿರುಗಿದ್ದನ್ನು ಬೊಂಬಾಯಿಯಲ್ಲಿ ಯಾರೂ ಕಂಡಿಲ್ಲವೆಂದು ನೀವೇ ಬರೆದಿದ್ದೀರಿ. ಅಂದರೆ ನಾನು ಇಟಾಲಿಯನ್ನು ಅಂದರೆ ಬನ್ನಿ ಎಂದ ಹಾಗೆ, ಪೋರ್ಚುಗೀಸು ಅಂದರೆ ಬರಬೇಡಿ ಎಂದ ಹಾಗೆ. ಬಾಯಿ ಬಿಟ್ಟು ಕೇಳುವ ಧೈರ್ಯ ನಿಮಗೆ ಯಾವ ಭಾಷೆಯಲ್ಲೂ ಇಲ್ಲ. ಅತ್ತೆಯವರಿಗೆ ಇಷ್ಟನ್ನು ಮಾತ್ರ ನಿಜವಾಗಿ ತಿಳಿಸಿದೆ, ಅವರು ನಿಮ್ಮ ತಾಯಿ. ಅವರು ಕೈಯಲ್ಲಿದ್ದ ಹತ್ತಿ ಬಿಟ್ಟು, "ಯಾವ್ದನ್ ಕಲಿತ್ರೆ ತಿರುಗಿ ಬತ್ತಾನೋ ಅದ್ನೇ ಕಲೀಲಿ ಅಂತ ಬರಿ ಕಣೇ, ನಿನ್ ಕಾಲಿಗ್ ಬೀಳ್ತೀನಿ" ಅಂದರು. ಹಿರಿಯರು ಹಾಗನ್ನಬಾರದು. ಅವರ ಮಾತನ್ನು ಅಂದ ಹಾಗೇ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ.

ಇನ್ನು ನನ್ನ ಮಾತು. ಪೋರ್ಚುಗೀಸು ಕಲಿಯಿರಿ. ನಿಮ್ಮ ಮೇಲಿನ ಸಿಟ್ಟಿಗೆ ಹೀಗೆ ಬರೆದಳು ಎಂದುಕೊಂಡು ಸಮಾಧಾನಪಡಬೇಡಿ, ಸಿಟ್ಟಾಗಿದ್ದರೆ ಅದರೊಳಗೆ ನಿಮಗೂ ಒಂದು ಜಾಗ ಇರುತ್ತಿತ್ತು. ಎರಡು ಸೀಮೆಗಳ ವಿಷಯವನ್ನೂ ರಂಗಯ್ಯನವರ ಹತ್ತಿರ ಕೂತು ಕೇಳಿದೆ. ಇಟಲಿಯವರ ಆ ಸೀಮೆ ಬರೀ ಮರಳು, ಮುಳ್ಳು, ನೀರಿಗೆ ಬವಣೆ. ನಮ್ಮ ಕಡೂರಿನ ಬೇಸಿಗೆಯೇ ಅದರ ಮುಂದೆ ತಂಪಂತೆ. ಬ್ರೆಜಿಲ್ಲಿನಲ್ಲಿ ಹುಲ್ಲು ಆಳೆತ್ತರ, ಹೊಳೆಗಳು ಬತ್ತುವುದಿಲ್ಲವಂತೆ. ಬೂದನಂತೂ ಎಲ್ಲಿಗೆ ಹೋದರೂ ನನಗೆ ಸಿಗುವುದಿಲ್ಲ. ಅವನು ಹುಲ್ಲಿರುವ ಕಡೆ ಇರಲಿ. ನೀವು ಅವನ ಹಿಂದೆ ಹೋಗುವ ಆಳು, ಆಳು ಯಾವ ಭಾಷೆ ಕಲಿಯಬೇಕೆಂಬುದು ಹೋರಿ ಎಲ್ಲಿ ಮೇಯುತ್ತದೆ ಎಂಬುದರ ಮೇಲೆ ನಿಂತಿದೆ.

ಕಾಗದದ ಕೊನೆಯಲ್ಲಿ, ದೊಡ್ಡ ವಿಷಯವೇನಲ್ಲ ಎಂಬಂತೆ ಸಣ್ಣಕ್ಷರದಲ್ಲಿ ಇನ್ನೊಂದನ್ನು ಕೇಳಿದ್ದೀರಿ: ಸೀರೆಯ ವಾಸನೆ ಹೋದ ಮೇಲೆ ಹೋರಿ ಮೇವು ಮುಟ್ಟುತ್ತಿಲ್ಲ, ಹಿಂಡಿ ಇಟ್ಟರೂ ಮೂಸುವುದಿಲ್ಲ, ಪಕ್ಕೆಲುಬು ಕಾಣುತ್ತಿವೆ. ಹೀಗೇ ಆದರೆ ದೊರೆಗಳು ಹೋರಿಯನ್ನೂ ಬಿಡುತ್ತಾರೆ, ನನ್ನನ್ನೂ ಬಿಡುತ್ತಾರೆ. ನೀನು ಕೊಟ್ಟಿಗೆಯಲ್ಲಿ ಅದರ ಕಿವಿಯಲ್ಲಿ ಏನೋ ಹೇಳಿ ತಿನ್ನಿಸುತ್ತಿದ್ದೆಯಲ್ಲ, ಆ ಮಾತು ಯಾವುದು ಬರೆ ಎಂದು. ಏಳು ವರ್ಷ ನಾನು ಏನು ಹೇಳುತ್ತಿದ್ದೆ ಎಂದು ಕೇಳಲು ನಿಮಗೆ ಪುರುಸೊತ್ತಾಗಲಿಲ್ಲ. ಬರೆಯುವುದಿಲ್ಲ. ಅದು ನನ್ನ ಹತ್ತಿರ ಉಳಿದಿರುವ ಒಂದೇ ಸೊತ್ತು, ಅದಕ್ಕೆ ನಿಮ್ಮ ಚಾವಿ ಬೀಳುವುದಿಲ್ಲ. ದೊಡ್ಡ ದೊಡ್ಡ ಭಾಷೆ ಕಲಿಯಲು ಹೊರಟವರು ಒಂದು ಮೂಕಪ್ರಾಣಿಯ ಮಾತನ್ನು ನೀವೇ ಕಂಡುಹಿಡಿದುಕೊಳ್ಳಿ.

ಅತ್ತೆ ತೀರ್ಥಮ್ಮನವರು ನಿಮ್ಮ ನೆತ್ತಿಯ ಮೇಲೆ ಕೈಯಿಟ್ಟ ಹಾಗೆಂದು ತಿಳಿಯಿರಿ ಎಂದು ಆಶೀರ್ವಾದ ಹೇಳಿದ್ದಾರೆ. ಇಷ್ಟಲಿಂಗ ಪೂಜೆ ತಪ್ಪಿಸಬೇಡ, ಹಡಗಿನಲ್ಲಿ ಕಂಡವರ ಕೈಯಲ್ಲಿ ತಿನ್ನಬೇಡ ಎಂದೂ ಹೇಳಿದ್ದಾರೆ. ರಂಗಯ್ಯನವರ ನಮಸ್ಕಾರಗಳು. ಮಂಡಿಯವರ ಹೊಸ ಸೊಸೆಯೂ ನಿಮ್ಮನ್ನು ಕೇಳಿದಳೆಂದು ಬರೆಯುವ ಮನಸ್ಸಿತ್ತು, ಆದರೆ ಅವಳು ಕೇಳಲಿಲ್ಲ.

ಇಂತು ನಿಮ್ಮ ಮನೆಯ ದೀಪ ಹಚ್ಚುತ್ತಿರುವ
ಮಲ್ಲಿಕಾಂಬ

ತಾಜಾ ಕಲಂ: ಟಪ್ಪಾಲಿನ ಚೀಲ ಕಟ್ಟುವ ಹೊತ್ತಾಯಿತೆಂದು ರಂಗಯ್ಯನವರು ಹೇಳಿ ಕಳುಹಿಸಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಿಸಿಟ್ಟು ಕೊಟ್ಟಿಗೆ ಗುಡಿಸಲು ಹೋದೆ, ಖಾಲಿ ಗೋದಲಿ ನೋಡಿದೆ. ಹಸಿದಿರುವವನು ಅವನು, ನೀವಲ್ಲ. ಬೂದ ಎಂಬುದು ನೀವು ಮೈಬಣ್ಣ ನೋಡಿ ಕರೆದ ಹೆಸರು, ಅದಕ್ಕೆ ಅವನು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ನಾನಿಟ್ಟ ಹೆಸರು ಬೇರೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂಬುದು ನಿಮಗೂ ಗೊತ್ತು. ಮದುವೆಯ ದಿನ ಒಗಟು ಕಟ್ಟಿ ಒಂದು ಸಲ ಹೇಳಿಸಿದರು, ಅಷ್ಟೇ. ಹೊಸದರಲ್ಲಿ ನನಗೆ ನಿಮ್ಮ ಆ ಹೆಸರನ್ನು ಕರೆಯಬೇಕೆಂದು ಬಹಳ ಆಸೆಯಿತ್ತು. ಕರೆಯಲು ಕೊಟ್ಟಿಗೆ ಬಿಟ್ಟು ಬೇರೆ ಜಾಗವಿರಲಿಲ್ಲ, ಓಗೊಡಲು ಆ ತಬ್ಬಲಿ ಕರು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವನ ಬಲಗಿವಿಯ ಬುಡ ಕೆರೆಯುತ್ತಾ, ಬಗ್ಗಿ, ಹೀಗೆ ಹೇಳಿ: "ಬೆನಕಾ, ನನ್ನಪ್ಪಾ, ಒಂದ್ ತುತ್ತು ತಿನ್ನೋ." ಮೆಲ್ಲಗೆ ಹೇಳಿ, ಆ ಹೆಸರನ್ನು ಅವನು ಗದರಿಕೆಯಲ್ಲಿ ಕೇಳಿಲ್ಲ. ಈ ಮನೆಯಲ್ಲಿ ಆ ಹೆಸರಿಗೆ ಎಷ್ಟು ಪ್ರೀತಿ ಇತ್ತೋ ಅಷ್ಟನ್ನೂ ತಿಂದು ಬೆಳೆದವನು ಅವನು, ನಿಮಗೆಂದು ಏನೂ ಉಳಿಸಿಲ್ಲ. ಅವನು ಮೇವು ಮುಟ್ಟಿದ ದಿನ ಒಂದು ಕಾರ್ಡು ಹಾಕಿ. ನಿಮ್ಮ ವಿಷಯ ಬರೆಯಬೇಕಾಗಿಲ್ಲ.